ಬಿಸಿನೀರು ತಲೆಗೆ ಬಿದ್ದರೆ ಮಗುವಿಗೆ ಫಿಟ್ಸ್: ಯಳಂದೂರು ಸೀಮೆಯ ಪ್ರತಿ ಮನೆಯೂ ತಿಳಿದಿರಬೇಕಾದ ಕಾಯಿಲೆ

ಚಾಮರಾಜನಗರ: ವಾರಕ್ಕೊಂದು ಸಲ ಮಕ್ಕಳಿಗೆ ಎಣ್ಣೆ ಹಚ್ಚಿ, ಹಂಡೆಯಲ್ಲಿ ನೀರು ಕಾಯಿಸಿ, ಚೊಂಬಿನಲ್ಲಿ ಮೊಗೆಮೊಗೆದು ತಲೆಗೆ ಹುಯ್ಯೋದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇರುವ ಪದ್ಧತಿ. ಹೀಗೆ ಹುಯ್ಯುವಾಗಲೇ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಮಂಕಾಗಿ ದಿಟ್ಟಿಸುತ್ತಾರೆ, ಸಂಬಂಧ ಇಲ್ಲದ ಮಾತಾಡ್ತಾರೆ, ಬಚ್ಚಲಲ್ಲೇ ಬಿದ್ದು ಕೈಕಾಲು ಅದುರಿಸುತ್ತಾರೆ. 'ಗಾಳಿ ಸೋಕಿದೆ', 'ಮೈಮೇಲೆ ಬಂದದ' ಅಂತ ತಾಯತ ಕಟ್ಟಿಸಿ ಸುಮ್ಮನಾಗುವ ಮನೆಗಳು ಈಗಲೂ ಇವೆ. ಇದು ಗಾಳಿಯೂ ಅಲ್ಲ, ದೆವ್ವವೂ ಅಲ್ಲ. ಡಾಕ್ಟರುಗಳು ಇದಕ್ಕೆ ಹಾಟ್ ವಾಟರ್ ಎಪಿಲೆಪ್ಸಿ ಅಂತಾರೆ. ಕನ್ನಡದಲ್ಲಿ ಬಿಸಿನೀರಿನ ಮೂರ್ಛೆರೋಗ ಅನ್ನಬಹುದು.

ಪ್ರಪಂಚದಲ್ಲೇ ಈ ಕಾಯಿಲೆ ಅತಿ ಹೆಚ್ಚು ವರದಿಯಾಗಿರುವ ಜಾಗಗಳಲ್ಲಿ ದಕ್ಷಿಣ ಕರ್ನಾಟಕ ಮುಂಚೂಣಿಯಲ್ಲಿದೆ. ಇದರ ಬಗ್ಗೆ ಮೊದಲು ಗಟ್ಟಿಯಾಗಿ ಕೆಲಸ ಮಾಡಿದವರು ಬೆಂಗಳೂರಿನ ನರರೋಗ ತಜ್ಞರು. ಅವರಲ್ಲಿ ಡಾ. ಕೆ.ಎಸ್. ಮಣಿ ಅವರ ಮೂರ್ಛೆರೋಗ ಅಧ್ಯಯನ ನಡೆದದ್ದು ನಮ್ಮದೇ ಯಳಂದೂರು ತಾಲೂಕಿನಲ್ಲಿ. ಆದರೆ ಈ ವಿಷಯ ನಮ್ಮ ಜಿಲ್ಲೆಯ ಬಹಳ ಜನಕ್ಕೆ ಗೊತ್ತಿಲ್ಲ. ಆದ್ದರಿಂದ ಕಾಯಿಲೆ ಏನು, ಯಾರು ಏನು ಕಂಡುಹಿಡಿದರು, ತಲೆಗೆ ವೈರ್ ಅಂಟಿಸಿ ಮಾಡುವ ಇಇಜಿ ಪರೀಕ್ಷೆ ಅಂದರೆ ಏನು, ಮನೆಯವರು ಮತ್ತು ಅಂಗಡಿಯವರು ಏನು ಮಾಡಬೇಕು ಅನ್ನೋದನ್ನ ಒಂದೇ ಕಡೆ ಇಲ್ಲಿ ಕೊಡಲಾಗಿದೆ.

ಫಿಟ್ಸ್ ಅಂದರೆ ಏನು?

ನಮ್ಮ ಮೆದುಳಿನ ಕೋಟ್ಯಂತರ ನರಕೋಶಗಳು ಸಣ್ಣ ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಸಂತೆಯಲ್ಲಿ ಒಬ್ಬೊಬ್ಬರು ಒಂದೊಂದು ಮಾತಾಡುತ್ತಾ ಇರ್ತಾರಲ್ಲ, ಆ ಥರ. ಅದೇ ಸಂತೆಯಲ್ಲಿ ಎಲ್ಲರೂ ಒಂದೇ ಸಲಕ್ಕೆ ಒಂದೇ ಕೂಗು ಕೂಗಿದರೆ? ಯಾರ ವ್ಯವಹಾರವೂ ನಡೆಯಲ್ಲ. ಮೆದುಳಿನ ಒಂದು ಭಾಗದ ಕೋಶಗಳೋ, ಇಡೀ ಮೆದುಳಿನ ಕೋಶಗಳೋ ಹೀಗೆ ಒಟ್ಟಿಗೆ ಮಿತಿಮೀರಿ ಸಂಕೇತ ಕೊಟ್ಟಾಗ ಆಗೋದೇ ಫಿಟ್ಸ್. ಯಾವ ಭಾಗದಲ್ಲಿ ಶುರುವಾಯಿತು ಅನ್ನೋದರ ಮೇಲೆ ಲಕ್ಷಣ ಬದಲಾಗುತ್ತೆ. ಕೈಕಾಲು ಅದುರಲೇಬೇಕು ಅಂತಿಲ್ಲ. ಬರೀ ಕಣ್ಣು ಒಂದೇ ಕಡೆ ನಿಲ್ಲೋದು, ಬಾಯಿ ಚಪ್ಪರಿಸೋದು, ಕಾರಣ ಇಲ್ಲದೆ ಭಯ ಆಗೋದು ಕೂಡ ಫಿಟ್ಸ್ ಇರಬಹುದು.

ಒಂದು ಸಲ ಫಿಟ್ಸ್ ಬಂದ ಮಾತ್ರಕ್ಕೆ ಮೂರ್ಛೆರೋಗ ಅಂತ ಹೇಳಲ್ಲ. ಪದೇ ಪದೇ ಬರುವ ಪ್ರವೃತ್ತಿ ಇದ್ದರೆ ಮಾತ್ರ ಆ ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪ್ರಪಂಚದಲ್ಲಿ ಸುಮಾರು 5 ಕೋಟಿ ಜನಕ್ಕೆ ಈ ತೊಂದರೆ ಇದೆ. ಸರಿಯಾಗಿ ಪತ್ತೆ ಮಾಡಿ ಔಷಧಿ ಕೊಟ್ಟರೆ 100ರಲ್ಲಿ 70 ಜನದವರೆಗೂ ಫಿಟ್ಸ್ ಇಲ್ಲದೆ ಬದುಕಬಹುದು ಅಂತಲೂ ಆ ಸಂಸ್ಥೆ ಹೇಳುತ್ತೆ.

ಮೆದುಳಿಗೆ ಪೆಟ್ಟು ಬಿದ್ದಿದ್ದರೆ, ಹೆರಿಗೆ ಸಮಯದಲ್ಲಿ ಮಗುವಿಗೆ ಆಮ್ಲಜನಕ ಕಮ್ಮಿ ಆಗಿದ್ದರೆ, ಮೆದುಳು ಜ್ವರ ಬಂದಿದ್ದರೆ, ಲಾಡಿಹುಳದ ಮೊಟ್ಟೆ ಹೊಟ್ಟೆ ಸೇರಿ ಅದರ ಮರಿ ಮೆದುಳಿಗೆ ಹೋಗಿದ್ದರೆ, ವಂಶವಾಹಿಯಲ್ಲಿ ದೋಷ ಇದ್ದರೆ ಮೂರ್ಛೆರೋಗ ಬರಬಹುದು. ಎಷ್ಟೋ ಜನರಲ್ಲಿ ಕಾರಣವೇ ಸಿಗೋದಿಲ್ಲ. ಒಂದು ಮಾತ್ರ ಖಚಿತ: ಇದು ಅಂಟುರೋಗ ಅಲ್ಲ. ಫಿಟ್ಸ್ ಬಂದವರನ್ನ ಮುಟ್ಟಿದರೆ, ಅವರ ಜೊಲ್ಲು ತಾಗಿದರೆ ಯಾರಿಗೂ ಬರೋದಿಲ್ಲ.

ಬಿಸಿನೀರಿನ ಮೂರ್ಛೆ ಹೇಗೆ ಕಾಣುತ್ತೆ?

ಕೆಲವರಿಗೆ ಫಿಟ್ಸ್ ಬರೋದಕ್ಕೆ ಒಂದು ನಿರ್ದಿಷ್ಟ ಪ್ರಚೋದನೆ ಬೇಕು. ಮಿನುಗುವ ಬೆಳಕು ನೋಡಿದರೆ ಬರುವವರು ಇದ್ದಾರೆ, ಓದುವಾಗ ಬರುವವರು ಇದ್ದಾರೆ. ಇಂಥದ್ದನ್ನ ರಿಫ್ಲೆಕ್ಸ್ ಎಪಿಲೆಪ್ಸಿ ಅಂತಾರೆ. ಬಿಸಿನೀರಿನದ್ದೂ ಅದೇ ಜಾತಿ. ಇಲ್ಲಿ ಪ್ರಚೋದನೆ ತಲೆಯ ಮೇಲೆ ಬಿಟ್ಟೂಬಿಡದೆ ಬೀಳುವ ಬಿಸಿನೀರು. ನಮ್ಮ ಮನೆಗಳಲ್ಲಿ ತಲೆಸ್ನಾನದ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರುತ್ತೆ ಅಂತ ತಜ್ಞರು ಬರೆದಿದ್ದಾರೆ. ಮೈಗೆ ಮಾತ್ರ ಅದೇ ನೀರು ಹಾಕಿಕೊಂಡರೆ ಬಹಳ ಮಕ್ಕಳಿಗೆ ಏನೂ ಆಗೋದಿಲ್ಲ. ತಲೆಗೆ ಹುಯ್ದಾಗ ಮಾತ್ರ ಬರುತ್ತೆ.

ಹೆಚ್ಚಾಗಿ ಇದು ಶುರುವಾಗೋದು ಚಿಕ್ಕ ವಯಸ್ಸಿನಲ್ಲಿ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಜಾಸ್ತಿ. ದೊಡ್ಡವರಲ್ಲಿ ಶುರುವಾದ ಉದಾಹರಣೆಗಳೂ ಇವೆ. ಮನೆಯವರು ಗಮನಿಸಬೇಕಾದ ಲಕ್ಷಣಗಳು ಇವು:

- ನೀರು ಹುಯ್ಯುತ್ತಿರುವಾಗ ಅಥವಾ ಸ್ನಾನ ಮುಗಿದ ಕೂಡಲೇ ಮಗು ಮಂಕಾಗಿ ಒಂದೇ ಕಡೆ ದಿಟ್ಟಿಸುತ್ತೆ, ಕರೆದರೆ ಓಗೊಡಲ್ಲ.
- ಕಾರಣ ಇಲ್ಲದೆ ಹೆದರಿಕೊಳ್ಳುತ್ತೆ, ಅರ್ಥ ಇಲ್ಲದ ಮಾತಾಡುತ್ತೆ.
- ಇಲ್ಲದ ಏನನ್ನೋ ಕಂಡಂತೆ, ಕೇಳಿದಂತೆ ಆಡುತ್ತೆ.
- ಚೊಂಬು ಹಿಡಿದು ಸುಮ್ಮನೆ ಅದೇ ಕೆಲಸ ಮತ್ತೆ ಮತ್ತೆ ಮಾಡುತ್ತೆ.
- ಕೆಲವರಲ್ಲಿ ಮೈಯೆಲ್ಲ ಸೆಟೆದು, ಕೈಕಾಲು ಅದುರಿ, ಪ್ರಜ್ಞೆ ತಪ್ಪುತ್ತೆ.

ಇನ್ನೊಂದು ವಿಚಿತ್ರ ಸಂಗತಿ ಇದೆ. ಕೆಲವು ಮಕ್ಕಳಿಗೆ ಆ ಸಮಯದಲ್ಲಿ ಒಂದು ಥರ ಹಿತ ಅನಿಸುತ್ತೆ. ಆದ್ದರಿಂದ 'ಸಾಕು ಬಾ ಮಗ' ಅಂದರೂ ಕೇಳದೆ ಇನ್ನೂ ಬಿಸಿ ನೀರು, ಇನ್ನೂ ನೀರು ಅಂತ ಹುಯ್ದುಕೊಳ್ಳುತ್ತಲೇ ಇರ್ತಾರೆ, ಪ್ರಜ್ಞೆ ತಪ್ಪುವವರೆಗೂ. ಅಪ್ಪ ಅಮ್ಮ ಇದನ್ನ ಹಟ ಅಂದುಕೊಂಡು ಬೈತಾರೆ, ಹೊಡೀತಾರೆ. ಅದು ಹಟ ಅಲ್ಲ, ಕಾಯಿಲೆಯ ಭಾಗವೇ ಇರಬಹುದು.

ಸ್ನಾನದ ಹೊತ್ತಿನಲ್ಲಿ ಮಾತ್ರ ಬರೋದರಿಂದ, ಅದೂ ವಾರಕ್ಕೊಂದು ಸಲ ಅಥವಾ ಹಬ್ಬಕ್ಕೆ, ಬಹಳ ಮನೆಗಳಲ್ಲಿ ಇದನ್ನ ಕಾಯಿಲೆ ಅಂತ ಲೆಕ್ಕಕ್ಕೇ ತಗೊಳ್ಳೋದಿಲ್ಲ. 'ನೀರಿನ ಕಾವು ತಲೆಗೆ ಏರಿತು' ಅಂತ ಬಿಟ್ಟುಬಿಡ್ತಾರೆ. ಆದರೆ ಬಚ್ಚಲುಮನೆ ಅಂದರೆ ಉರಿಯುವ ಒಲೆ, ಕುದಿಯುವ ಹಂಡೆ, ಜಾರುವ ಕಲ್ಲು, ತುಂಬಿದ ತೊಟ್ಟಿ ಎಲ್ಲ ಇರುವ ಜಾಗ. ಫಿಟ್ಸ್ ಒಂದೆರಡು ನಿಮಿಷದಲ್ಲಿ ನಿಂತರೂ ಸುಟ್ಟಗಾಯ, ತಲೆಗೆ ಪೆಟ್ಟು, ನೀರಲ್ಲಿ ಮುಳುಗೋದು ಮಗುವಿನ ಜೀವಕ್ಕೇ ಕುತ್ತು ತರಬಹುದು. ಒಳಗಿನಿಂದ ಚಿಲಕ ಹಾಕಿಕೊಂಡಿದ್ದರಂತೂ ಕೇಳೋದೇ ಬೇಡ.

ಇದನ್ನು ಅಧ್ಯಯನ ಮಾಡಿದವರು

ವೈದ್ಯಕೀಯ ಸಾಹಿತ್ಯದಲ್ಲಿ ಇಂಥ ಪ್ರಕರಣ ಮೊದಲು ದಾಖಲಾಗಿದ್ದು 1945ರಲ್ಲಿ, ದೂರದ ನ್ಯೂಜಿಲೆಂಡ್‌ನಲ್ಲಿ. ಅಲ್ಲಿನ ವೈದ್ಯ ಅಲೆನ್ ಅವರು ಒಬ್ಬ ಹುಡುಗನ ಬಗ್ಗೆ ಬರೆದಿದ್ದರು. ಆಮೇಲೆ ಬೇರೆ ದೇಶಗಳಿಂದ ಅಲ್ಲೊಂದು ಇಲ್ಲೊಂದು ವರದಿ ಬಂದವು. ಎಲ್ಲರೂ ಇದನ್ನ ಅಪರೂಪದಲ್ಲಿ ಅಪರೂಪ ಅಂದುಕೊಂಡಿದ್ದರು.

ಆ ಅಭಿಪ್ರಾಯ ಬದಲಾಗಿದ್ದು ಬೆಂಗಳೂರಿನಿಂದ. ಈಗಿನ ನಿಮ್ಹಾನ್ಸ್‌ಗೆ ಆಗ ಆ ಹೆಸರು ಇನ್ನೂ ಬಂದಿರಲಿಲ್ಲ. 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಹಳೇ ಮಾನಸಿಕ ಆಸ್ಪತ್ರೆ ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಬಿಸಿನೀರಿನ ಮೂರ್ಛೆ ಬಗ್ಗೆ 1968ರಲ್ಲೇ ಪ್ರಾಥಮಿಕ ವರದಿ ಪ್ರಕಟಿಸಿದರು. 1974ರಲ್ಲಿ 108 ರೋಗಿಗಳ ಲಕ್ಷಣ ಮತ್ತು ಇಇಜಿ ವಿವರಗಳನ್ನ ಅಮೆರಿಕದ ನರರೋಗ ತಜ್ಞರ ಸಂಘದ ಮುಂದೆ ಇಟ್ಟರು. ಬೇರೆ ದೇಶದವರು ಒಬ್ಬಿಬ್ಬರು ರೋಗಿಗಳ ಬಗ್ಗೆ ಬರೆಯುತ್ತಿದ್ದಾಗ ಇಲ್ಲಿಂದ ನೂರೆಂಟು!

ಅದೇ ದಾರಿಯಲ್ಲಿ ಮುಂದೆ ಹೋದವರು ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ. ನಂತರ ಅವರು ಆ ಸಂಸ್ಥೆಯ ನಿರ್ದೇಶಕರೂ ಆದರು. ಅವರು ಮತ್ತು ಸಹೋದ್ಯೋಗಿಗಳು 1988ರಲ್ಲಿ 'ಎಪಿಲೆಪ್ಸಿಯಾ' ಪತ್ರಿಕೆಯಲ್ಲಿ 279 ರೋಗಿಗಳ ಅಧ್ಯಯನ ಪ್ರಕಟಿಸಿದರು. ಇಲಿಗಳ ಮೇಲೆ ಬಿಸಿನೀರು ಹಾಕಿ ಮೆದುಳಿನ ತರಂಗ ದಾಖಲಿಸುವ ಪ್ರಯೋಗಗಳೂ ಅವರ ತಂಡದಿಂದ ನಡೆದವು. ಮೈ ಕಾವು ನಿಧಾನಕ್ಕೆ ಏರೋದಕ್ಕಿಂತ ತಟ್ಟನೆ ಏರೋದು ಈ ಮಕ್ಕಳ ಮೆದುಳಿಗೆ ತಡೆಯಲ್ಲ, ಮೈಯ ಬಿಸಿ ಹತೋಟಿಯಲ್ಲಿಡುವ ವ್ಯವಸ್ಥೆಯಲ್ಲೇ ಇವರಿಗೆ ಏನೋ ವ್ಯತ್ಯಾಸ ಇರಬೇಕು ಅನ್ನೋದು ಈ ಸಂಶೋಧಕರ ವಾದ.

ನಮ್ಮ ಕಡೆಯೇ ಯಾಕೆ ಜಾಸ್ತಿ?

ಎರಡು ಕಾರಣ ಹೇಳ್ತಾರೆ. ಒಂದು, ಸ್ನಾನದ ಪದ್ಧತಿ. ಷವರ್ ಕೆಳಗೆ ನಿಲ್ಲುವವರಿಗೂ ನಮಗೂ ವ್ಯತ್ಯಾಸ ಇದೆ. ನಾವು ಕಾದ ನೀರನ್ನ ಚೊಂಬಿನಲ್ಲಿ ಒಂದರ ಹಿಂದೆ ಒಂದು ತಲೆ ಮೇಲೆ ಸುರೀತೀವಿ. ಸೀಗೆಕಾಯಿ ಹೋಗಬೇಕು, ಎಣ್ಣೆ ಜಿಡ್ಡು ಹೋಗಬೇಕು ಅಂತ ಇನ್ನೂ ಬಿಸಿ ಬೇಕು ಅಂತೀವಿ. ದೀಪಾವಳಿ, ಯುಗಾದಿ ಎಣ್ಣೆಸ್ನಾನದ ದಿನವಂತೂ ನೀರು ಸುಡುತ್ತಾ ಇರಬೇಕು! ಹೀಗೇ ಪಾತ್ರೆಯಲ್ಲಿ ಮೊಗೆದು ತಲೆಗೆ ಹುಯ್ಯುವ ಅಭ್ಯಾಸ ಇರುವ ಟರ್ಕಿ ದೇಶದಿಂದಲೂ ಈ ಕಾಯಿಲೆಯ ವರದಿಗಳು ಗಣನೀಯವಾಗಿ ಬಂದಿವೆ. ತಮಿಳುನಾಡಿನಿಂದಲೂ ಬಂದಿವೆ.

ಆದರೆ ಬರೀ ಪದ್ಧತಿ ಕಾರಣ ಆಗಿದ್ದರೆ ಎಲ್ಲರಿಗೂ ಬರಬೇಕಿತ್ತು. ಒಂದೇ ಹಂಡೆ ನೀರಲ್ಲಿ ಅಣ್ಣ ತಮ್ಮ ಇಬ್ಬರೂ ಮೀಯುತ್ತಾರೆ, ಒಬ್ಬನಿಗೆ ಮಾತ್ರ ಬರುತ್ತೆ. ಹಾಗಾಗಿ ಎರಡನೇ ಕಾರಣ ವಂಶವಾಹಿ. ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಇದು ಇರೋದನ್ನ ವೈದ್ಯರು ಮೊದಲಿನಿಂದಲೂ ಗಮನಿಸಿದ್ದರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ಜೊತೆ ಸೇರಿ ಇಂಥ ಕುಟುಂಬಗಳ ರಕ್ತದ ಮಾದರಿ ಪರೀಕ್ಷಿಸಿತು. 10ನೇ ಮತ್ತು 4ನೇ ವರ್ಣತಂತುಗಳಲ್ಲಿ ಈ ಕಾಯಿಲೆಗೆ ಸಂಬಂಧ ಇರುವ ಜಾಗಗಳನ್ನ 2009ರಲ್ಲಿ ಗುರುತಿಸಿತು. ಆಮೇಲೆ ಎಸ್‌ಎಲ್‌ಸಿ1ಎ1 ಎಂಬ ವಂಶವಾಹಿಯಲ್ಲಿನ ಅಪರೂಪದ ಬದಲಾವಣೆಗಳನ್ನೂ ವರದಿ ಮಾಡಿತು. ಅಂದರೆ ಒಳಗೆ ಪ್ರವೃತ್ತಿ ಇರಬೇಕು, ಹೊರಗಿನಿಂದ ಬಿಸಿನೀರು ಬೀಳಬೇಕು. ಎರಡೂ ಸೇರಿದಾಗ ಫಿಟ್ಸ್. ವಂಶವಾಹಿಯನ್ನ ನಾವು ಬದಲಾಯಿಸಕ್ಕಾಗಲ್ಲ. ನೀರಿನ ಬಿಸಿಯನ್ನ ಖಂಡಿತ ಬದಲಾಯಿಸಬಹುದು.

ಇಇಜಿ: ತಲೆಗೆ ಕರೆಂಟ್ ಕೊಡ್ತಾರಾ?

ಮಗುವನ್ನ ನರರೋಗ ವೈದ್ಯರ ಹತ್ತಿರ ಕರೆದುಕೊಂಡು ಹೋದರೆ ಬಹುತೇಕ ಇಇಜಿ ಮಾಡಿಸಿ ಅಂತಾರೆ. 'ತಲೆಗೆ ಕರೆಂಟ್ ಕೊಡ್ತಾರಂತೆ' ಅಂತ ಹೆದರಿ ವಾಪಸ್ ಬರುವವರು ಇದ್ದಾರೆ. ಈ ಹೆದರಿಕೆಗೆ ಅರ್ಥವೇ ಇಲ್ಲ. ಇಇಜಿ ಯಂತ್ರ ಏನನ್ನೂ ಕೊಡೋದಿಲ್ಲ. ಮೆದುಳಿನಲ್ಲಿ ತಾನಾಗೇ ಹುಟ್ಟುವ ಸಂಕೇತವನ್ನ ಕೇಳಿಸಿಕೊಳ್ಳುತ್ತೆ ಅಷ್ಟೇ. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ ಎದೆಗೆ ಏನಾದರೂ ಆಗುತ್ತಾ? ಇದೂ ಹಾಗೇ.

ಆ ಸಂಕೇತ ಎಷ್ಟು ಸಣ್ಣದು ಗೊತ್ತಾ? ಟಾರ್ಚಿನ ಒಂದು ಸೆಲ್ 1.5 ವೋಲ್ಟ್. ನೆತ್ತಿಯ ಮೇಲೆ ಸಿಗುವ ಮೆದುಳಿನ ತರಂಗ 50 ಮೈಕ್ರೋವೋಲ್ಟ್ ಅಂತಿಟ್ಟುಕೊಂಡರೆ, ಸೆಲ್ಲಿನ 30 ಸಾವಿರದ ಒಂದು ಪಾಲು. ಅದಕ್ಕೇ ಅಂಟು ಹಚ್ಚಿ ಗಟ್ಟಿಯಾಗಿ ಬಿಲ್ಲೆ ಕೂರಿಸೋದು, ಅದಕ್ಕೇ ಮಗು ಅಲ್ಲಾಡಬಾರದು ಅನ್ನೋದು, ಅದಕ್ಕೇ ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ ಅನ್ನೋದು.

ಮನುಷ್ಯನ ಮೆದುಳಿನ ತರಂಗವನ್ನ ಮೊದಲು ದಾಖಲಿಸಿದ್ದು ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್, 1924ರಲ್ಲಿ. ಐದು ವರ್ಷ ಪರೀಕ್ಷೆ ಮಾಡಿ 1929ರಲ್ಲಿ ಪ್ರಕಟಿಸಿದರು. ಮಕ್ಕಳ ಮೂರ್ಛೆರೋಗಕ್ಕೆ ಇದು ಎಷ್ಟು ಉಪಯೋಗ ಅಂತ ಗೊತ್ತಾಗಿದ್ದು 1935ರಲ್ಲಿ. ಅಮೆರಿಕದ ಬಾಸ್ಟನ್‌ನಲ್ಲಿ ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸ್ ಅವರು, ಆಟದ ಮಧ್ಯೆ ಪಾಠದ ಮಧ್ಯೆ ಕೆಲವು ಸೆಕೆಂಡ್ ಮಂಕಾಗಿ ನಿಂತುಬಿಡುವ ಮಕ್ಕಳ ಇಇಜಿ ತೆಗೆದರು. ಆ ಹೊತ್ತಿನಲ್ಲಿ ಸೆಕೆಂಡಿಗೆ ಮೂರರಂತೆ ಒಂದು ಮೊನೆ, ಒಂದು ಅಲೆ, ಒಂದು ಮೊನೆ, ಒಂದು ಅಲೆ ಅಂತ ಸ್ಪಷ್ಟವಾದ ಗುರುತು ಸಿಕ್ಕಿತು. ಅಲ್ಲಿಯವರೆಗೂ 'ಗಮನ ಇಲ್ಲದ ಮಗು' ಅಂತ ಬೈಸಿಕೊಳ್ಳುತ್ತಿದ್ದ ಮಕ್ಕಳಿಗೆ ಇದ್ದದ್ದು ಒಂದು ಬಗೆಯ ಫಿಟ್ಸ್ ಅಂತ ಕಾಗದದ ಮೇಲೆ ಸಾಬೀತಾಯಿತು. ನಮ್ಮ ಶಾಲೆಗಳ ಮೇಷ್ಟ್ರು, ಮೇಡಂಗಳು ಇದನ್ನ ನೆನಪಿಡಬೇಕು. ದಿನಕ್ಕೆ ಹತ್ತಾರು ಸಲ ಕ್ಷಣಕಾಲ ಕಳೆದುಹೋಗುವ ಮಗುವಿಗೆ ಬೆತ್ತದ ಏಟು ಔಷಧಿ ಅಲ್ಲ.

ಪರೀಕ್ಷೆ ಹೇಗೆ ನಡೆಯುತ್ತೆ: ನೆತ್ತಿಯ ಮೇಲೆ ಅಳತೆ ಹಿಡಿದು ಸುಮಾರು 20 ಕಡೆ ಸಣ್ಣ ಬಿಲ್ಲೆಗಳನ್ನ ಅಂಟಿಸುತ್ತಾರೆ. ಸೂಜಿ ಚುಚ್ಚೋದಿಲ್ಲ, ಕೂದಲು ಬೋಳಿಸೋದಿಲ್ಲ. ಅರ್ಧ ಗಂಟೆ ಆಸುಪಾಸು ಮಲಗಿಸಿ ದಾಖಲಿಸುತ್ತಾರೆ. ನಡುವೆ ಜೋರಾಗಿ ಉಸಿರಾಡಿಸುತ್ತಾರೆ, ಕಣ್ಣ ಮುಂದೆ ಮಿನುಗುವ ಬೆಳಕು ಹಾಕ್ತಾರೆ, ಆದರೆ ನಿದ್ದೆ ಮಾಡಿಸಿ ನೋಡ್ತಾರೆ. ಹಿಂದಿನ ರಾತ್ರಿ ಕಮ್ಮಿ ನಿದ್ದೆ ಮಾಡಿಸಿ ಕರೆತನ್ನಿ ಅಂದರೆ ಅದೂ ಇದೇ ಕಾರಣಕ್ಕೆ. ದೊಡ್ಡ ಆಸ್ಪತ್ರೆಗಳಲ್ಲಿ ವಿಡಿಯೋ ಇಇಜಿ ಇರುತ್ತೆ. ಒಂದು ಕಡೆ ಕ್ಯಾಮೆರಾ, ಇನ್ನೊಂದು ಕಡೆ ತರಂಗ, ಎರಡನ್ನೂ ಗಂಟೆಗಟ್ಟಲೆ, ಬೇಕಾದರೆ ದಿನಗಟ್ಟಲೆ ಒಟ್ಟಿಗೆ ದಾಖಲಿಸಿ ತಾಳೆ ನೋಡ್ತಾರೆ.

ಇಲ್ಲೊಂದು ಮುಖ್ಯ ವಿಷಯ. ಬಿಸಿನೀರಿನ ಮೂರ್ಛೆ ಇರುವ ಬಹಳ ಮಕ್ಕಳಲ್ಲಿ ಫಿಟ್ಸ್ ಇಲ್ಲದ ಹೊತ್ತಿನ ಇಇಜಿ ನಾರ್ಮಲ್ ಇರುತ್ತೆ. ಸ್ನಾನ ಮಾಡಿಸುತ್ತಲೇ ಇಇಜಿ ತೆಗೆಯೋಣ ಅಂದರೆ ನೀರು, ವೈರು, ಅಲ್ಲಾಟ ಎಲ್ಲ ಸೇರಿ ಬಲು ಕಷ್ಟ. ಸಂಶೋಧಕರು ಕಷ್ಟಪಟ್ಟು ತೆಗೆದ ಕೆಲವು ದಾಖಲೆಗಳಲ್ಲಿ ಕಿವಿಯ ಪಕ್ಕದ ಟೆಂಪೊರಲ್ ಭಾಗದಿಂದ ಫಿಟ್ಸ್ ಶುರುವಾಗೋದು ಕಂಡಿದೆ. ಭಯ, ಇಲ್ಲದ್ದನ್ನ ಕಾಣೋದು, ಅಸಂಬದ್ಧ ಮಾತು, ಇವೆಲ್ಲ ಆ ಭಾಗದ ಫಿಟ್ಸಿನ ಲಕ್ಷಣಗಳೇ. ಹಾಗಾಗಿ 'ಇಇಜಿ ನಾರ್ಮಲ್ ಬಂತು, ಮಗುಗೆ ಏನೂ ಇಲ್ಲ' ಅಂತ ಮನೆಯವರು ತೀರ್ಮಾನ ಮಾಡಬಾರದು. ರೋಗ ಪತ್ತೆಗೆ ಎಲ್ಲಕ್ಕಿಂತ ಮುಖ್ಯ ಕಣ್ಣಾರೆ ಕಂಡವರು ಹೇಳುವ ವಿವರ. ಮೊಬೈಲ್ ಎಲ್ಲರ ಕೈಯಲ್ಲೂ ಇದೆ. ಮಗುವನ್ನ ಸುರಕ್ಷಿತವಾಗಿ ಮಲಗಿಸಿದ ಮೇಲೆ ಇನ್ನೊಬ್ಬರು ಅರ್ಧ ನಿಮಿಷ ವಿಡಿಯೋ ಮಾಡಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಡಾಕ್ಟರಿಗೆ ಮಾತ್ರ, ಸ್ಟೇಟಸ್‌ಗೆ ಅಲ್ಲ.

ಯಳಂದೂರಿನ ಅಧ್ಯಯನ

ಡಾ. ಮಣಿ ಅವರ ಕೆಲಸ ಆಸ್ಪತ್ರೆ ಒಳಗೇ ನಿಲ್ಲಲಿಲ್ಲ. ಬೆಂಗಳೂರಿಗೆ ಬಂದ ರೋಗಿಗಳನ್ನ ಮಾತ್ರ ಎಣಿಸಿದರೆ ಹಳ್ಳಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ಗೊತ್ತಾಗೋದು ಹೇಗೆ? ಆದ್ದರಿಂದ ಯಳಂದೂರು ತಾಲೂಕಿನಲ್ಲಿ ಮನೆಮನೆ ಸಮೀಕ್ಷೆ ನಡೆಯಿತು. ಆಗ ಯಳಂದೂರು ಇನ್ನೂ ಮೈಸೂರು ಜಿಲ್ಲೆಗೆ ಸೇರಿತ್ತು, ಚಾಮರಾಜನಗರ ಜಿಲ್ಲೆ ಆಗಿದ್ದು 1997ರಲ್ಲಿ. ಸುಮಾರು 65 ಸಾವಿರ ಜನರನ್ನ ಒಳಗೊಂಡ ಸಮೀಕ್ಷೆ ಅದು. ಸಾವಿರ ಜನಕ್ಕೆ ನಾಲ್ಕರ ಆಸುಪಾಸು ಮೂರ್ಛೆರೋಗಿಗಳು ಸಿಕ್ಕರು. ಲೆಕ್ಕ ಹಾಕಿ ನೋಡಿ, ಎರಡು ಸಾವಿರ ಜನ ಇರುವ ಒಂದು ಊರಿನಲ್ಲಿ ಎಂಟು ಜನ. ನಮ್ಮೂರಲ್ಲಿ ಯಾರೂ ಇಲ್ಲಪ್ಪ ಅನ್ನುವವರು, ಮುಚ್ಚಿಟ್ಟವರು ಎಷ್ಟು ಜನ ಅಂತ ಯೋಚನೆ ಮಾಡಬೇಕು.

ಈ ಸೀಮೆಯಲ್ಲಿ ಇಂಥ ಕೆಲಸಕ್ಕೆ ನೆಲ ಹದವಾಗಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಮಾಡುತ್ತಿದ್ದ ಡಾ. ಎಚ್. ಸುದರ್ಶನ್ ಅವರು ಯಳಂದೂರು ತಾಲೂಕಿನ ಕುಷ್ಠರೋಗ ನಿವಾರಣೆಗೆ 1986ರಲ್ಲಿ ಕರುಣಾ ಟ್ರಸ್ಟ್ ಕಟ್ಟಿದ್ದರು. ಕುಷ್ಠರೋಗಕ್ಕೆ ಅಂತ ಮನೆಮನೆಗೆ ಹೋದಾಗ ಮೂರ್ಛೆರೋಗ, ಮಾನಸಿಕ ಕಾಯಿಲೆ, ಕ್ಷಯ ಕೂಡ ಎದುರಾದವು, ಅವನ್ನೂ ಕೈಗೆತ್ತಿಕೊಂಡರು.

ಯಳಂದೂರು ಅಧ್ಯಯನದ ದೊಡ್ಡ ಪ್ರಶ್ನೆ ಇದು: ಸ್ಕ್ಯಾನ್ ಇಲ್ಲ, ತಜ್ಞರು ಇಲ್ಲ, ದುಡ್ಡಿಲ್ಲ ಅನ್ನುವ ಹಳ್ಳಿಯಲ್ಲಿ ಹಳೇ ಕಾಲದ ಅಗ್ಗದ ಮಾತ್ರೆಗಳಿಂದಲೇ ಫಿಟ್ಸ್ ಹತೋಟಿಗೆ ತರಬಹುದಾ? ಫಿನೊಬಾರ್ಬಿಟಾಲ್ ಮತ್ತು ಫೆನಿಟಾಯಿನ್ ಎಂಬ ಎರಡು ಮಾತ್ರೆ ಕೊಟ್ಟು ರೋಗಿಗಳನ್ನ ವರ್ಷಗಟ್ಟಲೆ ಹಿಂಬಾಲಿಸಿದರು. ತರುತ್ತೆ ಅನ್ನೋದೇ ಉತ್ತರ. ಈ ಫಲಿತಾಂಶ 2001ರಲ್ಲಿ ಪ್ರಪಂಚದ ಹೆಸರಾಂತ ವೈದ್ಯಕೀಯ ಪತ್ರಿಕೆ 'ದಿ ಲ್ಯಾನ್ಸೆಟ್'ನಲ್ಲಿ ಬಂತು. ಲೇಖನದ ತಲೆಬರಹದಲ್ಲೇ ಯಳಂದೂರಿನ ಹೆಸರು ಇದೆ.

ಚಿಕಿತ್ಸೆ: ಮೊದಲ ಔಷಧಿ ತಣ್ಣೀರು ಬೆರೆಸೋದು

ಬಿಸಿನೀರಿನ ಮೂರ್ಛೆಗೆ ಮೊದಲ ಹೆಜ್ಜೆಗೆ ದುಡ್ಡು ಬೇಕಾಗಿಲ್ಲ.

- ತಲೆಗೆ ಉಗುರು ಬೆಚ್ಚಗಿನ ನೀರು ಮಾತ್ರ. ಮೊಣಕೈ ಅದ್ದಿ ನೋಡಿ, ಬಿಸಿ ಅನಿಸಬಾರದು.
- ಒಂದೇ ಸಮ ಸುರಿಯಬೇಡಿ. ಸ್ವಲ್ಪ ಹುಯ್ದು ಬಿಡುವು ಕೊಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಆಗುತ್ತೆ.
- ಒಂಟಿಯಾಗಿ ಸ್ನಾನಕ್ಕೆ ಬಿಡಬೇಡಿ. ದೊಡ್ಡ ಹುಡುಗರಾದರೆ ಬಾಗಿಲು ಮುಚ್ಚಲಿ, ಚಿಲಕ ಬೇಡ.
- ಒಲೆ, ಹಂಡೆಯಿಂದ ದೂರ ಕೂರಿಸಿ. ನೀರನ್ನ ಬಕೆಟ್‌ಗೆ ಬೆರೆಸಿಕೊಂಡು ಬಂದು ಹುಯ್ಯಿರಿ.
- ಕೆರೆ, ಬಾವಿ, ಕಾಲುವೆಗೆ ಒಂಟಿಯಾಗಿ ಈಜಲು ಕಳಿಸಬೇಡಿ.

ಇಷ್ಟರಲ್ಲೇ ಬಹಳ ಮಕ್ಕಳಿಗೆ ಫಿಟ್ಸ್ ನಿಲ್ಲುತ್ತೆ. ನಿಲ್ಲದಿದ್ದರೆ ಕ್ಲೋಬಜಾಮ್ ಎಂಬ ಮಾತ್ರೆಯನ್ನ ತಲೆಸ್ನಾನಕ್ಕೆ ಒಂದೂವರೆ ಗಂಟೆ ಮುಂಚೆ ಮಾತ್ರ ಕೊಡುವ ಕ್ರಮವನ್ನ ನಿಮ್ಹಾನ್ಸ್ ತಜ್ಞರು ಬಳಕೆಗೆ ತಂದಿದ್ದಾರೆ. ದಿನಾ ಮಾತ್ರೆ ನುಂಗುವ ಗೋಳಿಲ್ಲ. ಕೆಲವರಿಗೆ ಮುಂದೆ ಸ್ನಾನ ಇಲ್ಲದ ಹೊತ್ತಿನಲ್ಲೂ ಫಿಟ್ಸ್ ಶುರುವಾಗಬಹುದು. ಅಂಥವರಿಗೆ ದಿನದ ಮಾತ್ರೆ ಬೇಕಾಗುತ್ತೆ. ಯಾವ ಮಾತ್ರೆ, ಎಷ್ಟು, ಎಷ್ಟು ದಿನ ಅನ್ನೋದನ್ನ ಡಾಕ್ಟರೇ ಹೇಳಬೇಕು. ಮೆಡಿಕಲ್ ಸ್ಟೋರಿನವರಿಗೂ ಒಂದು ಮನವಿ, ಚೀಟಿ ಇಲ್ಲದೆ ಈ ಮಾತ್ರೆ ಕೊಡಬೇಡಿ.

ದಿನದ ಮಾತ್ರೆ ತಗೊಳ್ಳುವವರು ಯಾವ ಕಾರಣಕ್ಕೂ ತಟ್ಟನೆ ನಿಲ್ಲಿಸಬಾರದು. ಜಾತ್ರೆಗೆ ಹೋದಾಗ ಮರೆತರು, ದುಡ್ಡಿಲ್ಲ ಅಂತ ಬಿಟ್ಟರು, ವಾಸಿಯಾಯ್ತು ಅಂತ ಬಿಟ್ಟರು, ಹೀಗೆ ಬಿಟ್ಟಾಗಲೇ ನಿಲ್ಲದ ಫಿಟ್ಸ್ ಬಂದು ಜೀವಕ್ಕೆ ಅಪಾಯ ಆಗೋದು.

ಜ್ವರದ ಫಿಟ್ಸ್ ಬೇರೆ

6 ತಿಂಗಳಿಂದ 5 ವರ್ಷದ ಮಕ್ಕಳಿಗೆ ಜೋರು ಜ್ವರದಲ್ಲಿ ಬರುವ ಫಿಟ್ಸ್ ಬೇರೆ. 100 ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಇದು ಬರಬಹುದು. ಬಹುಪಾಲು ಮಕ್ಕಳು ದೊಡ್ಡವರಾಗುತ್ತಾ ಇದರಿಂದ ಹೊರಬರುತ್ತಾರೆ. ಆದರೆ ಮೊದಲ ಸಲ ಬಂದಾಗ ಆಸ್ಪತ್ರೆಗೆ ಹೋಗಲೇಬೇಕು, ಯಾಕಂದರೆ ಅದು ಮೆದುಳು ಜ್ವರ ಅಲ್ಲ ಅಂತ ಡಾಕ್ಟರು ನೋಡಿ ಹೇಳಬೇಕು.

ಕಣ್ಣೆದುರು ಫಿಟ್ಸ್ ಬಂದರೆ: ಅಂಗಡಿಯವರೇ, ಇದು ನಿಮಗೆ

ಬಸ್‌ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ ಯಾರಾದರೂ ಬಿದ್ದು ಒದ್ದಾಡಿದರೆ ಜನ ಮೊದಲು ಓಡೋದು ಅಂಗಡಿಗೆ, 'ಅಣ್ಣ, ಶಟರ್ ಕೀ ಕೊಡಿ' ಅಂತ. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತೆ ಅನ್ನೋ ನಂಬಿಕೆ ಯಾಕೆ ಇಷ್ಟು ಗಟ್ಟಿಯಾಗಿದೆ ಗೊತ್ತಾ? ಬಹುತೇಕ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗೇ ನಿಲ್ಲುತ್ತೆ. ಕೀ ಹುಡುಕಿ ತಂದು ಕೈಗೆ ಕೊಡೋದಕ್ಕೂ ಅಷ್ಟೇ ಹೊತ್ತು ಬೇಕು. ನಿಂತಿದ್ದು ತಾನಾಗಿ, ಹೆಸರು ಬಂದಿದ್ದು ಕೀಗೆ. ಚಪ್ಪಲಿ ಮೂಸಿಸೋದು, ಈರುಳ್ಳಿ ಮೂಸಿಸೋದು ಎಲ್ಲದರ ಕಥೆಯೂ ಇದೇ. ಕೀ ಬದಲು ಇವನ್ನ ಮಾಡಿ:

- ಗಡಿಯಾರ ನೋಡಿಕೊಳ್ಳಿ. ಎಷ್ಟು ಹೊತ್ತಾಯಿತು ಅನ್ನೋದು ಮುಖ್ಯ.
- ಸುತ್ತ ಇರುವ ಕಲ್ಲು, ಬಿಸಿ ಪಾತ್ರೆ, ಚೂಪಾದ ವಸ್ತು ದೂರ ಸರಿಸಿ. ತಲೆ ಕೆಳಗೆ ಟವಲ್ಲೋ, ಖಾಲಿ ಗೋಣಿಚೀಲವೋ ಮಡಚಿ ಇಡಿ.
- ಕತ್ತಿನ ಬಳಿ ಬಿಗಿಯಾಗಿರುವ ಬಟ್ಟೆ ಸಡಿಲ ಮಾಡಿ.
- ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಜೊಲ್ಲು ಹೊರಗೆ ಹೋಗಲಿ.
- ಬಾಯಿಗೆ ಚಮಚ, ಬಟ್ಟೆ, ಬೆರಳು, ನೀರು ಏನೂ ಹಾಕಬೇಡಿ. ಹಲ್ಲು ಮುರಿಯಬಹುದು, ಉಸಿರು ಕಟ್ಟಬಹುದು.
- ಕೈಕಾಲು ಒತ್ತಿ ಹಿಡಿಯಬೇಡಿ.
- ಬಚ್ಚಲಲ್ಲಿ ಬಂದರೆ ತಕ್ಷಣ ನೀರು ನಿಲ್ಲಿಸಿ, ಒಲೆಯಿಂದ ದೂರ ಎಳೆದುಕೊಳ್ಳಿ, ಮುಖ ನೀರಿನಿಂದ ಮೇಲಿರಲಿ.
- ಪೂರ್ತಿ ಎಚ್ಚರ ಆಗುವವರೆಗೂ ಜೊತೆಯಲ್ಲಿರಿ. ಎಚ್ಚರ ಆದ ಮೇಲೆ ಗಾಬರಿ ಇರುತ್ತೆ, ಸಮಾಧಾನ ಹೇಳಿ. ಜನ ಗುಂಪು ಕಟ್ಟದಂತೆ ನೋಡಿಕೊಳ್ಳಿ.

ಫಿಟ್ಸ್ 5 ನಿಮಿಷ ದಾಟಿದರೆ, ಎಚ್ಚರ ಆಗದೆ ಮತ್ತೆ ಬಂದರೆ, ಮೊದಲ ಸಲ ಬಂದಿದ್ದರೆ, ಉಸಿರಾಟ ಸರಿ ಇಲ್ಲದಿದ್ದರೆ, ಪೆಟ್ಟೋ ಸುಟ್ಟಗಾಯವೋ ಆಗಿದ್ದರೆ, ನೀರಲ್ಲಿ ಬಿದ್ದಿದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ, ಬೇಕಾದರೆ ಮೈಸೂರು, ಬೆಂಗಳೂರಿಗೆ ಕಳಿಸುತ್ತಾರೆ. ಹುಟ್ಟಿದಾಗಿನಿಂದ 18 ವರ್ಷದವರೆಗಿನ ಮಕ್ಕಳ ಆರೋಗ್ಯ ತಪಾಸಣೆಗೆ ಅಂತಲೇ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ತಂಡ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬರುತ್ತೆ. ಅವರು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಫಿಟ್ಸ್ ಕೂಡ ಇದೆ. ತಂಡ ಬಂದ ದಿನ ಮುಚ್ಚಿಡದೆ ಹೇಳಿ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರುಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲೂ ಮೂರ್ಛೆರೋಗ ಸೇರಿದೆ. ಆರೋಗ್ಯ ಮಾಹಿತಿಗೆ 104 ಸಂಖ್ಯೆಗೆ ಕರೆ ಮಾಡಬಹುದು. ಆಶಾ ಕಾರ್ಯಕರ್ತೆಯರನ್ನ ಕೇಳಿದರೂ ದಾರಿ ತೋರಿಸುತ್ತಾರೆ.

ಹೋಗುವಾಗ ಈ ವಿವರ ಬರೆದುಕೊಂಡು ಹೋಗಿ: ಮೊದಲು ಬಂದಿದ್ದು ಯಾವಾಗ, ತಲೆಸ್ನಾನದಲ್ಲಿ ಮಾತ್ರವೋ ಬೇರೆ ಹೊತ್ತಿನಲ್ಲೂ ಬಂದಿದೆಯೋ, ಎಷ್ಟು ನಿಮಿಷ, ಹೇಗೆ ಶುರುವಾಯಿತು, ಜ್ವರ ಇತ್ತೋ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೋ. ಈ ಆರು ಉತ್ತರ ಸರಿಯಾಗಿ ಸಿಕ್ಕರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಮುಚ್ಚಿಡೋದರಿಂದ ನಷ್ಟ ಯಾರಿಗೆ?

ಹೆಣ್ಣುಮಗು ಆದರೆ ಮದುವೆ ಆಗಲ್ಲ, ಗಂಡುಮಗು ಆದರೆ ಯಾರೂ ಕೆಲಸ ಕೊಡಲ್ಲ ಅಂತ ಮನೆಯವರು ಬಾಯಿ ಬಿಡೋದಿಲ್ಲ. ಈ ಹೆದರಿಕೆ ಸುಮ್ಮನೆ ಬಂದಿದ್ದಲ್ಲ. ಹಿಂದೆ ಕಾನೂನೇ ಹಾಗಿತ್ತು. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗ ಇರುವವರ ಮದುವೆಗೆ ಅಡ್ಡಿ ಇತ್ತು. 1999ರ ತಿದ್ದುಪಡಿಯಲ್ಲಿ ಆ ಮಾತನ್ನ ಕಾಯ್ದೆಯಿಂದ ತೆಗೆದುಹಾಕಲಾಯಿತು. ಕಾನೂನು ಬದಲಾಗಿ ಇಷ್ಟು ವರ್ಷ ಆದರೂ ಜಗಲಿ ಕಟ್ಟೆಯ ಮಾತು ಬದಲಾಗಿಲ್ಲ.

ಮೂರ್ಛೆರೋಗ ಇರುವ ಮಕ್ಕಳು ಓದಬಹುದು, ಆಡಬಹುದು, ದುಡಿಯಬಹುದು, ಸಂಸಾರ ಮಾಡಬಹುದು. ದಕ್ಷಿಣ ಆಫ್ರಿಕಾದ ಜಾಂಟಿ ರೋಡ್ಸ್ ಫೀಲ್ಡಿಂಗ್ ನೋಡಿ ಬೆರಗಾಗದ ಕ್ರಿಕೆಟ್ ಪ್ರೇಮಿ ಇದ್ದಾರಾ? ಅವರಿಗೆ ಚಿಕ್ಕಂದಿನಿಂದಲೂ ಮೂರ್ಛೆರೋಗ ಇತ್ತು, ಅದನ್ನ ಅವರೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ.

ಬಿಸಿನೀರಿನ ಮೂರ್ಛೆಯಂತೂ ಹತೋಟಿಗೆ ಸುಲಭವಾಗಿ ಸಿಗುವ ಕಾಯಿಲೆ. ಕಾರಣ ಗೊತ್ತು, ತಪ್ಪಿಸುವ ದಾರಿ ಗೊತ್ತು, ಬೇಕಾದರೆ ಮಾತ್ರೆಯೂ ಇದೆ. ಇಷ್ಟೆಲ್ಲ ಗೊತ್ತಾಗಿದ್ದರಲ್ಲಿ ನಮ್ಮ ಯಳಂದೂರು ಸೀಮೆಯ ಮನೆಗಳು ಬಾಗಿಲು ತೆರೆದು ಸಮೀಕ್ಷೆಯವರಿಗೆ ಉತ್ತರ ಕೊಟ್ಟಿದ್ದೂ ಸೇರಿದೆ. ಮುಂದಿನ ಸಲ ಮಗುವಿಗೆ ತಲೆಸ್ನಾನ ಮಾಡಿಸುವಾಗ ಹಂಡೆ ನೀರಿಗೆ ಇನ್ನೆರಡು ಚೊಂಬು ತಣ್ಣೀರು ಜಾಸ್ತಿ ಬೆರೆಸಿ. ಸ್ನಾನದಲ್ಲಿ ಮಗು ಮಂಕಾದರೆ ಮಂತ್ರವಾದಿ ಹತ್ತಿರ ಅಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.